ಆಖೆನ್‌ಗೆ ಎರಡನೇ ಸಲ ಬರುತ್ತಿರುವ ತಂಗಿಗೆ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಹೋದ ವರ್ಷ ಚಳಿಗಾಲದ ಸೆಮಿಸ್ಟರನ್ನು ನೀನು ಇಲ್ಲಿ ಜರ್ಮನಿಯ ಆಖೆನ್‌ನಲ್ಲಿ ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಕಳೆದೆ. ಈಗ ಮೇ ತಿಂಗಳಿಂದ ಆಗಸ್ಟ್‌ವರೆಗೆ ಒಂದು ಲ್ಯಾಬ್‌ನಲ್ಲಿ ಇಂಟರ್ನ್‌ಶಿಪ್, ಸಂಜೆ ಜರ್ಮನ್ ಕ್ಲಾಸ್. "ಊರು ಗೊತ್ತಿರೋದೇ, ಹೊಸದಾಗಿ ಏನಾದರೂ ತಯಾರಿ ಬೇಕಾ ಅಕ್ಕ?" ಅಂತ ಕೇಳಿದ್ದೀಯ.

ಬೇಕು. ದಾರಿ, ಬಸ್ಸು, ಅಂಗಡಿ ಎಲ್ಲ ನಿನಗೆ ಗೊತ್ತು, ನಿಜ. ಆದರೆ ಹೋದ ಸಲ ನೀನು ಯೂನಿವರ್ಸಿಟಿಯ ವಿದ್ಯಾರ್ಥಿ. ಬಸ್ಸು ರೈಲಿಗೆ ಸೆಮಿಸ್ಟರ್ ಟಿಕೆಟ್, ಕ್ಯಾಂಟೀನ್ ಕಾರ್ಡ್, ಹಾಸ್ಟೆಲ್ ರೂಮ್ ಎಲ್ಲ ಅದರ ಜೊತೆಗೇ ಬಂದಿತ್ತು. ಈ ಸಲ ಅದ್ಯಾವುದೂ ಇಲ್ಲ. ಕಾಗದಪತ್ರದ ಲೆಕ್ಕದಲ್ಲಿ ನೀನು ಪೂರ್ತಿ ಹೊಸಬಳೇ.

ಮೊದಲು ವೀಸಾ. ಹಳೆಯ ವೀಸಾ ಓದಿಗೆ ಕೊಟ್ಟಿದ್ದು, ಈಗ ಇಂಟರ್ನ್‌ಶಿಪ್‌ಗೆ ಬೇರೆಯದೇ ಬೇಕು. ನಿನ್ನಂಥವರಿಗೆ ಸಾಮಾನ್ಯವಾಗಿ ಜರ್ಮನಿಯ ಉದ್ಯೋಗ ಇಲಾಖೆಯ ಒಪ್ಪಿಗೆಯೂ ಬೇಕಾಗುತ್ತದೆ. ಅದು ಬರಲು ಸಮಯ ಹಿಡಿಯುತ್ತದೆ, ಹಾಗಾಗಿ ಅದರ ಬಗ್ಗೆ ಲ್ಯಾಬ್‌ನವರಿಗೆ ಇವತ್ತೇ ಒಂದು ಮೇಲ್ ಹಾಕು. ಅದು ಕೈಗೆ ಬಂದ ಮೇಲೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್. ಇನ್ಶೂರೆನ್ಸೂ ಅಷ್ಟೇ, ಹಳೆಯ ಸ್ಟೂಡೆಂಟ್ ಇನ್ಶೂರೆನ್ಸ್ ಮುಂದುವರಿಯುತ್ತದೆ ಅಂತ ಅಂದುಕೊಳ್ಳಬೇಡ.

ಒಂದು ಮಾತು ಕೇಳಬೇಕು. ಹೋಗುವಾಗ ಇಲ್ಲಿನ ವಿಳಾಸದ ನೋಂದಣಿ ರದ್ದು ಮಾಡಿಸಿದ್ದೆಯಾ? ಇಲ್ಲದಿದ್ದರೆ ಹಳೆಯ ಮನೆಗೆ ರೇಡಿಯೋ-ಟಿವಿ ಶುಲ್ಕದ ಪತ್ರಗಳು ಬರುತ್ತಲೇ ಇರಬಹುದು. ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ಹಾಗೇನಾದರೂ ಇದ್ದರೆ ಬರುವ ಮುಂಚೆಯೇ ಬಗೆಹರಿಸಿಕೋ. ಒಂದು ಸಮಾಧಾನ, ಹೋದ ಸಲ ಬಂದ 11 ಅಂಕಿಯ ಟ್ಯಾಕ್ಸ್ ನಂಬರ್ ಜೀವನಪೂರ್ತಿ ಅದೇ. ಆ ಪತ್ರ ಹುಡುಕಿ ಇಟ್ಟುಕೋ.

ಇನ್ನು ರೂಮ್. ನಿಜವಾದ ತಲೆನೋವು ಇದೇ. ಇಲ್ಲಿ ಬೇಸಿಗೆ ಸೆಮಿಸ್ಟರ್‌ನ ಕ್ಲಾಸುಗಳು ಏಪ್ರಿಲ್‌ನಿಂದ ಜುಲೈವರೆಗೆ ನಡೆಯುತ್ತವೆ. ಅಂದರೆ ನೀನು ಬರುವ ಮೇ ತಿಂಗಳಲ್ಲಿ ಊರು ತುಂಬಿರುತ್ತದೆ. ರಜೆ ಶುರುವಾದ ಮೇಲೆ ಹುಡುಗರು ಊರಿಗೆ ಹೋಗುವಾಗ ತಮ್ಮ ರೂಮನ್ನು ಒಂದೆರಡು ತಿಂಗಳಿಗೆ ಬೇರೆಯವರಿಗೆ ಬಾಡಿಗೆಗೆ ಕೊಡುತ್ತಾರೆ. ಆಗ ಸುಲಭ. ಹಾಗಾಗಿ ನಾಲ್ಕೂ ತಿಂಗಳಿಗೆ ಒಂದೇ ರೂಮ್ ಅಂತ ಹಟ ಹಿಡಿಯಬೇಡ. ಜುಲೈವರೆಗೆ ಒಂದು, ಆಮೇಲೆ ಇನ್ನೊಂದು ಆದರೂ ಪರವಾಗಿಲ್ಲ.

ಆದರೆ ರೂಮ್ ಒಪ್ಪಿಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳು. ಹೀಗೆ ಕೊಡಲು ಮನೆ ಮಾಲೀಕರ ಒಪ್ಪಿಗೆ ಇದೆಯಾ? ಆ ವಿಳಾಸದಲ್ಲಿ ಹೆಸರು ನೋಂದಾಯಿಸಲು ಪತ್ರ ಕೊಡುತ್ತೀರಾ? ಮೂರು ತಿಂಗಳಿಗಿಂತ ಜಾಸ್ತಿ ಇರುವವಳು ನೀನು, ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಆಗಲೇಬೇಕು. "ನೋಂದಣಿ ಆಗಲ್ಲ, ಬಾಡಿಗೆ ಕಡಿಮೆ ಮಾಡ್ತೀನಿ" ಅಂದರೆ ಬಿಟ್ಟುಬಿಡು. "ನಾನು ಬೇರೆ ದೇಶದಲ್ಲಿದ್ದೀನಿ, ಡೆಪಾಸಿಟ್ ಹಾಕಿ, ಕೀ ಪೋಸ್ಟ್ ಮಾಡ್ತೀನಿ" ಅನ್ನುವವರಿಗೆ ಉತ್ತರವನ್ನೂ ಕೊಡಬೇಡ.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ದೇಶದ ಎಲ್ಲ ಊರಿನ ಬಸ್ಸು, ಲೋಕಲ್ ರೈಲಿಗೂ ನಡೆಯುವ ತಿಂಗಳ ಪಾಸ್ ತೆಗೆದುಕೋ, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಅದು ತಾನಾಗಿಯೇ ಮುಂದುವರಿಯುತ್ತಾ ಹೋಗುತ್ತದೆ. ಬೇಡವಾದ ತಿಂಗಳ ಹಿಂದಿನ ತಿಂಗಳು 10ನೇ ತಾರೀಖಿನೊಳಗೆ ರದ್ದು ಮಾಡಬೇಕು.

ಊಟದ ವಿಷಯ. ಸಾಂಬಾರ್ ಪುಡಿ, ಚಟ್ನಿಪುಡಿ ಧಾರಾಳವಾಗಿ ತಾ. ಧಾರವಾಡ ಪೇಡ ತರುತ್ತೇನೆ ಅಂದಿದ್ದೀಯ, ಪ್ರೀತಿಗೆ ಖುಷಿಯಾಯಿತು, ಆದರೆ ತರಬೇಡ. ಹಾಲಿನ ಪದಾರ್ಥವನ್ನು ಹೊರಗಿನ ದೇಶದಿಂದ ಯುರೋಪಿಗೆ ಲಗೇಜಿನಲ್ಲಿ ತರುವ ಹಾಗಿಲ್ಲ. ತುಪ್ಪವೂ ಬೇಡ. ಇಲ್ಲಿನ 250 ಗ್ರಾಂ ಬೆಣ್ಣೆ ಪ್ಯಾಕೆಟ್ಟನ್ನು ಸಣ್ಣ ಉರಿಯಲ್ಲಿ ಕಾಯಿಸು. ನೊರೆ ಇಳಿದು, ತಳದಲ್ಲಿ ಗಸಿ ಕೆಂಪಗಾಗಿ ಘಮ್ ಅಂದಾಗ ಇಳಿಸಿ ಸೋಸಿಕೋ. ಚೆನ್ನಾಗಿ ಬರುತ್ತದೆ. ಉಪ್ಪಿಟ್ಟಿಗೆ ಇಲ್ಲಿನ ಅಂಗಡಿಯ ಗೋಧಿ ರವೆಯೇ ಸಾಕು, ಸುಮ್ನೆ ಕೆಜಿಗಟ್ಟಲೆ ಹೊತ್ತು ತರಬೇಡ.

ಊರು ಬೇರೆ ಥರ ಕಾಣುತ್ತದೆ. ನೀನು ನೋಡಿದ್ದು ನಾಲ್ಕೂವರೆಗೆ ಕತ್ತಲಾಗುವ ಆಖೆನ್. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆ ಹೊತ್ತಿಗೆ. ಲ್ಯಾಬ್ ಮುಗಿಸಿ ಲೂಸ್‌ಬೆರ್ಗ್ ಗುಡ್ಡ ಹತ್ತಿದರೂ ಇನ್ನೂ ಬೆಳಕು. ಸೆಕೆಯಾದರೆ ಮನೆಗಳಲ್ಲಿ ಎಸಿಯಾಗಲಿ ಸೀಲಿಂಗ್ ಫ್ಯಾನಾಗಲಿ ಇರುವುದು ಅಪರೂಪ. ಹಗಲು ಕಿಟಕಿ ಮುಚ್ಚಿ ಪರದೆ ಎಳೆ, ರಾತ್ರಿ ಎಲ್ಲ ತೆರೆ. ಛತ್ರಿ ಮಾತ್ರ ಬೇಸಿಗೆಯಲ್ಲೂ ಬ್ಯಾಗಿನಲ್ಲೇ ಇರಲಿ.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಇನ್ನೊಂದಿದೆ. ನಿನ್ನ ಸ್ನೇಹಿತರು ಇಲ್ಲಿ ಇರುವುದಿಲ್ಲ. ನಿನ್ನ ಜೊತೆ ಬಂದ ಎಕ್ಸ್‌ಚೇಂಜ್ ಹುಡುಗ ಹುಡುಗಿಯರೆಲ್ಲ ಸ್ಪೇನ್, ಇಟಲಿ ಅಂತ ಅವರವರ ಊರು ಸೇರಿದ್ದಾರೆ. ಪಾಂಟ್‌ಸ್ಟ್ರಾಸೆ ಬೀದಿಯಲ್ಲಿ ನೀವು ಕೂರುತ್ತಿದ್ದ ಜಾಗ ಹಾಗೇ ಇರುತ್ತದೆ, ಅಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಗುರುತಿಲ್ಲದ ಊರಲ್ಲಿ ಒಂಟಿಯಾಗಿರುವುದಕ್ಕಿಂತ ಗುರುತಿರುವ ಊರಲ್ಲಿ ಒಂಟಿಯಾಗಿರುವುದು ಜಾಸ್ತಿ ಕಾಡುತ್ತದೆ. ಹೀಗೆ ವಾಪಸ್ ಬಂದ ಎಷ್ಟೋ ಮಕ್ಕಳು ಮೊದಲ ವಾರವೇ ಮುದುಡಿ ಹೋಗಿದ್ದನ್ನು ನೋಡಿದ್ದೇನೆ. ಅದು ನಿನ್ನ ತಪ್ಪಲ್ಲ, ಊರಿನ ತಪ್ಪೂ ಅಲ್ಲ. ಆ ಹಳೆಯ ಗುಂಪನ್ನೇ ಹುಡುಕುತ್ತಾ ಕೂರಬೇಡ, ಅಷ್ಟೇ.

ಅದಕ್ಕೇ ನಿನ್ನ ಜರ್ಮನ್ ಕ್ಲಾಸ್ ಬಗ್ಗೆ ನನಗೆ ಇಂಟರ್ನ್‌ಶಿಪ್‌ಗಿಂತ ಜಾಸ್ತಿ ಆಸೆ. ಯೂನಿವರ್ಸಿಟಿಯ ಬದಲು ಊರಿನ ಜನಶಿಕ್ಷಣ ಕೇಂದ್ರ, ಅಂದರೆ ಫೋಲ್ಕ್ಸ್‌ಹೋಖ್‌ಷೂಲೆಯ ಸಂಜೆ ತರಗತಿ ಸಿಗುತ್ತದಾ ನೋಡು. ಅಲ್ಲಿ ಪಕ್ಕದ ಬೆಂಚಿನಲ್ಲಿ ಸಿರಿಯಾದಿಂದ ಬಂದ ಟೈಲರ್ ಇರಬಹುದು, ಉಕ್ರೇನಿನ ಟೀಚರ್, ಕೇರಳದ ನರ್ಸ್ ಇರಬಹುದು. ಇವರೆಲ್ಲ ಇಲ್ಲೇ ಬಾಳಬೇಕಾದವರು. ಅವರಲ್ಲಿ ಎಷ್ಟೋ ಜನರಿಗೂ ನಿನಗೂ ಇಂಗ್ಲಿಷ್ ಸೇತುವೆ ಇರುವುದಿಲ್ಲ, ಹಾಗಾಗಿ ತಪ್ಪೋ ಒಪ್ಪೋ ಜರ್ಮನ್‌ನಲ್ಲೇ ಮಾತಾಡುತ್ತೀಯ. ಲ್ಯಾಬ್‌ನಲ್ಲೂ ಹನ್ನೊಂದೂವರೆ ಹನ್ನೆರಡಕ್ಕೆ ಎಲ್ಲರೂ ಒಟ್ಟಿಗೆ ಊಟಕ್ಕೆ ಏಳುತ್ತಾರೆ. ನಿನ್ನ ಡಬ್ಬಿ ಎತ್ತಿಕೊಂಡು ಅವರ ಜೊತೆಗೇ ಹೋಗು. ಕಂಪ್ಯೂಟರ್ ಮುಂದೆ ಒಬ್ಬಳೇ ತಿನ್ನಬೇಡ. ಮೊದಲು ಅರ್ಧ ಅರ್ಥವಾಗುತ್ತದೆ, ಜುಲೈ ಹೊತ್ತಿಗೆ ನೀನೂ ಮಾತು ಸೇರಿಸುತ್ತೀಯ.

ಭಾನುವಾರ ಅಂಗಡಿ ಮುಚ್ಚಿರುವುದು ನಿನಗೆ ಗೊತ್ತೇ ಇದೆ. ಹಾಲು ಮೊಸರು ಮರೆತರೆ ಬಸ್ ಹತ್ತಿ ಗಡಿಯಾಚೆ ನೆದರ್ಲೆಂಡ್ಸ್‌ನ ವಾಲ್ಸ್‌ಗೆ ಹೋಗು, ಅಲ್ಲಿ ಭಾನುವಾರವೂ ಸಿಗುತ್ತದೆ. ಅಥವಾ ನಮ್ಮ ಮನೆಗೆ ಬಾ.

ಮಾಲೀಕರ ಒಪ್ಪಿಗೆಯ ರೂಮ್ ಯಾರಾದರೂ ಬಿಡುತ್ತಿದ್ದಾರಾ ಅಂತ ಇಲ್ಲಿನ ನಮ್ಮವರಲ್ಲಿ ನಾನೂ ವಿಚಾರಿಸುತ್ತೇನೆ. ಬರುವ ತಾರೀಖು ಮತ್ತು ಎಷ್ಟು ಬಾಡಿಗೆ ಕೊಡಬಲ್ಲೆ ಅನ್ನುವುದನ್ನು ಬರೆದು ಕಳಿಸು.