ಸಿಬಿಆರ್ 250ಆರ್‌ಗೆ 160 ಟೈರ್ ಬ್ಯಾಡ್ರಿ

ಅಣ್ಣಾರ, 2012ರ ಹೋಂಡಾ ಸಿಬಿಆರ್ 250ಆರ್ ಬೈಕಿಗೆ ಹಿಂದ 160 ಮಿ.ಮೀ. ಅಗಲದ ಟೈರ್ ಹಾಕ್ಲೇನು ಅಂತ ಕೇಳೀರಲ್ಲ, ದಯವಿಟ್ಟು ಹಾಕ್ಬ್ಯಾಡ್ರಿ. ಕಂಪನಿ ಸೈಜ್ ಮುಂದ 110/70-17, ಹಿಂದ 140/70-17 (ಮೊದಲ ಅಂಕಿ ಟೈರಿನ ಅಗಲ), ಅದನ್ನ ಹಾಕ್ರಿ. ನಿಮ್ಮ ರಿಮ್ಮಿನ ಅಗಲ ಕಮ್ಮಿ, ಅದ್ರಾಗ ಅಗಲ ಟೈರ್ ತುರುಕಿದ್ರ ಎರಡೂ ಕಡೆ ಒತ್ತಿ ನಡುವ ಉಬ್ಬತೈತಿ, ತಿರುವಿನ್ಯಾಗ ಗಾಡಿ ಭಾರ ಅನಸ್ತೈತಿ, ಚೈನಿಗೂ ತಾಗಬಹುದು. ನೋಡಾಕ ಚಂದ ಅಷ್ಟ.

ಮುಂದ ರೇಡಿಯಲ್ (ಒಳಗಿನ ದಾರ ನೇರ ಅಡ್ಡ ಇರೋ ಟೈರ್) ಹಿಂದ ಬಯಾಸ್ (ದಾರ ಓರೆ ಇರೋದು) ಹಂಗ ಮಿಕ್ಸ್ ಮಾಡ್ಬ್ಯಾಡ್ರಿ, ಹಾಕಿದ್ರ ಜೋಡಿನ ಹಾಕ್ರಿ. ಆಮೇಲೆ ಅಂಗಡ್ಯಾಗ ಟೈರ್ ಬದಿ ಡಾಟ್ (DOT) ಅಂತ ಬರದಿರೋ ಸಾಲಿನ ಕೊನೀ ನಾಲ್ಕು ಅಂಕಿ ನೋಡೇ ರೊಕ್ಕ ಕೊಡ್ರಿ, 2319 ಇದ್ರ 2019ರ 23ನೇ ವಾರದ ಮಾಲು ಅಂತ ಅರ್ಥ. ನನಗ ವಿಜಯಪುರದಾಗ ಒಬ್ರು ಐದು ವರ್ಷದ ಹಳೇದು ಹೊಸಾದು ಅಂತ ಕೊಟ್ರು, ಗೀರು ಪೂರಾ ಇದ್ವು ಆದ್ರ ಉಗುರು ಒತ್ತಿದ್ರ ಕಲ್ಲಿನಂಗ, ಚೋರ್ಲಾ ಘಾಟಿನ್ಯಾಗ ಮಳಿ ಬಂದಾಗ ಹಿಂದಿನ ಗಾಲಿ ಜಾರಿ ಜೀವ ಬಾಯಿಗೆ ಬಂದಿತ್ತು.

ಸ್ಪೀಡ್ ರೇಟಿಂಗ್, ಅಂದ್ರ ಟೈರ್ ತಡಕೊಳ್ಳೋ ವೇಗದ ಗುರುತು, ಎಚ್ (H) ಇದ್ರ ತಾಸಿಗೆ 210 ಕಿಲೋಮೀಟರ್ ತನಕ ಅಂತ, ಅದ ಇರೋದು ತಗೋರಿ. ಹೊಸಾ ಟೈರ್ ಮ್ಯಾಲೆ ಮೊದಲ 150 ಕಿಲೋಮೀಟರ್ ಜ್ವಾಕಿ, ಬ್ಯಾಲೆನ್ಸಿಂಗ್ ಮಾಡ್ಸೇ ಬರ್ರಿ, ವಾಲ್ವನೂ ಹೊಸಾದ ಹಾಕ್ಸ್ರಿ.