ಜೀಪಿನ ಕ್ರೌನ್ ಪಿನಿಯನ್: 5.38 ತೆಗೆದು 3.73 ಹಾಕಿಸಬಹುದಾ?

ನೀವು ಬರೆದಿರೋದು: ಹಳೇ ಮಹೀಂದ್ರ ಫೋರ್ ವೀಲ್ ಡ್ರೈವ್ ಜೀಪ್, ಒರಿಜಿನಲ್ ಡೀಸೆಲ್ ಎಂಜಿನ್, ನಾಲ್ಕು ಗೇರು, ಹಿಂದೆ ಡಾನಾ 44 ಮಾದರಿ ಆಕ್ಸಲ್, ಕ್ರೌನ್ ಪಿನಿಯನ್ (ಆಕ್ಸಲ್ ಒಳಗೆ ಚಕ್ರ ತಿರುಗಿಸೋ ದೊಡ್ಡ ಗೇರು, ಸಣ್ಣ ಗೇರಿನ ಜೋಡಿ) 5.38 ರೇಷಿಯೋ, ಅಂದರೆ ಕ್ರೌನ್ ಒಂದು ಸುತ್ತಿಗೆ ಪಿನಿಯನ್ 5.38 ಸುತ್ತು, 215/75 ಆರ್ 15 ಟೈರು. ದಿನಾ ಕ್ಯಾತ್ಸಂದ್ರದಿಂದ ದಾಬಸ್‌ಪೇಟೆಗೆ ಹೈವೇ ಓಡಾಟ, 80 ದಾಟಿದರೆ ಎಂಜಿನ್ ಅರಚಿಕೊಳ್ಳುತ್ತೆ. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ದೇವರಾಯನದುರ್ಗ ಹತ್ತಬೇಕು. 3.73 ಹಾಕಿಸಲಾ ಅಂತ ಕೇಳಿದ್ದೀರಿ.

ಬೇಡ. ನಾನಾದರೆ 4.27 ಹಾಕಿಸ್ತೀನಿ.

ಟಾಪ್ ಗೇರು 1:1 ಅಂತಿಟ್ಟುಕೊಂಡರೆ, ನಿಮ್ಮ ಟೈರಿಗೆ ಗಂಟೆಗೆ 80 ಕಿ.ಮೀ. ವೇಗದಲ್ಲಿ 5.38ಕ್ಕೆ ಎಂಜಿನ್ ಸುಮಾರು 3,300 ಆರ್‌ಪಿಎಂ ತಿರುಗುತ್ತೆ. 4.88ಕ್ಕೆ 3,000, 4.27ಕ್ಕೆ 2,600, 3.73ಕ್ಕೆ 2,300. ಕಾಗದದ ಮೇಲೆ 3.73 ಚೆನ್ನಾಗೇ ಕಾಣುತ್ತೆ. ಆದರೆ ಪ್ರತಿ ಗೇರಿನಲ್ಲೂ ಚಕ್ರದ ಎಳೆತ ಶೇ 31ರಷ್ಟು ಕಮ್ಮಿ ಆಗುತ್ತೆ. ಟರ್ಬೊ ಇಲ್ಲದ ಎಂಜಿನ್‌ಗೆ ಅದು ಭಾರ. ದುರ್ಗದ ತಿರುವುಗಳಲ್ಲಿ ಫಸ್ಟ್ ಗೇರ್ ಬಿಟ್ಟು ಮೇಲೇಳಲ್ಲ, ಹಾಫ್ ಕ್ಲಚ್‌ನಲ್ಲಿ ಎಳೆದೂ ಎಳೆದೂ ಪ್ಲೇಟ್ ಸುಡುತ್ತೆ. 4.27ರಲ್ಲಿ ಕಳೆದುಕೊಳ್ಳೋದು ಶೇ 20.

ಇನ್ನೊಂದು ಕಾರಣ ಕೇಜ್‌ದು, ಅಂದರೆ ಕ್ರೌನ್ ಬೋಲ್ಟ್ ಮಾಡಿ ಕೂರಿಸೋ ಗೂಡಿಂದು. ಡಾನಾ 44ರಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆ ರೇಷಿಯೋಗೆ ಒಂದು ಕೇಜ್, 3.92 ಮತ್ತು ಮೇಲ್ಪಟ್ಟದ್ದಕ್ಕೆ ಇನ್ನೊಂದು. 5.38, 4.27 ಎರಡಕ್ಕೂ ಒಂದೇ ಕೇಜ್ ಆಗುತ್ತೆ. 3.73 ಅಂದರೆ ಕೇಜ್ ಕೂಡ ಹುಡುಕಬೇಕು.

ಮೊದಲು ಹೌಸಿಂಗ್ ಕವರ್ ಬಿಚ್ಚಿ ಹಲ್ಲು ಎಣಿಸಿ. ಕ್ರೌನ್ 43, ಪಿನಿಯನ್ 8 ಇದ್ದರೆ 5.38. 39ಕ್ಕೆ 8 ಇದ್ದರೆ 4.88. ಹಳೇ ಜೀಪಿಗೆ ಯಾರ್ಯಾರು ಏನೇನು ಹಾಕಿಸಿರ್ತಾರೋ, ಮಾರಿದವನ ಮಾತು ನಂಬಬೇಡಿ. 4.27 ಅಂದರೆ 47ಕ್ಕೆ 11. ಮುಂದಿನ ಆಕ್ಸಲ್‌ಗೂ ಇದೇ ರೇಷಿಯೋ ಆಗಲೇಬೇಕು. ಹಿಂದಿಂದು ಮಾತ್ರ ಬದಲಾಯಿಸಿ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಅಂತ ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಎಳೆತ ಹಂಚೋ ಗೇರು ಪೆಟ್ಟಿಗೆ) ಹೋಗುತ್ತೆ. ಮುಂದಿನದಕ್ಕೆ ದುಡ್ಡು ಹೊಂದೋವರೆಗೆ ಫೋರ್ ವೀಲ್ ಲಿವರ್ ಮುಟ್ಟಬೇಡಿ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸೆಟ್ ತಗೊಳ್ಳುವಾಗ ಕ್ರೌನ್ ಮೇಲೂ ಪಿನಿಯನ್ ಮೇಲೂ ಕೆತ್ತಿರೋ ಜೋಡಿ ನಂಬರ್ ಒಂದೇ ಇದೆಯಾ ನೋಡಿ. ಬೇರೆ ಬೇರೆ ಜೋಡಿಯದ್ದಾದರೆ ಎಷ್ಟು ಷಿಮ್ (ಸಂದು ಹೊಂದಿಸೋ ತೆಳು ಲೋಹದ ಬಳೆ) ಹಾಕಿದರೂ ಕೂಗುತ್ತೆ. ಜೊತೆಗೆ ಪಿನಿಯನ್ ಬೇರಿಂಗ್ ಎರಡು, ಸೈಡ್ ಬೇರಿಂಗ್ ಎರಡು, ಪಿನಿಯನ್ ಸೀಲ್, ಹೊಸ ಪಿನಿಯನ್ ನಟ್, ಕ್ರೌನ್ ಬೋಲ್ಟ್, ಷಿಮ್ ಸೆಟ್.

ಕೆಲಸ ಕೆಡೋದು ಷಿಮ್‌ನಲ್ಲೇ. ಲಾರಿ ಡಿಫರೆನ್ಷಿಯಲ್ ಮಾಡೋ ಮೇಸ್ತ್ರಿಗಳು ಪಕ್ಕದ ನಟ್ ತಿರುಗಿಸಿ ಕೈ ಅಂದಾಜಿನಲ್ಲೇ ಪ್ಲೇ (ಹಲ್ಲು ಹಲ್ಲಿನ ನಡುವಿನ ಸಡಿಲ) ಇಡ್ತಾರೆ, ಅದರಲ್ಲಿ ಅವರು ಪಳಗಿದ ಕೈ. ಇಲ್ಲಿ ಆ ನಟ್ಟೇ ಇಲ್ಲ, ಎಲ್ಲಾ ಷಿಮ್. ಡಯಲ್ ಗೇಜ್ (ಕೂದಲೆಳೆಯಷ್ಟು ಅಲುಗಾಟ ಅಳೆಯೋ ಮುಳ್ಳಿನ ಮೀಟರ್) ಇಲ್ಲದ ಗ್ಯಾರೇಜಿಗೆ ಕೊಡಬೇಡಿ.

ಪಿನಿಯನ್ ತುದಿಯಲ್ಲಿ +2, -3 ಅಂತ ಒಂದು ಅಂಕಿ ಇರುತ್ತೆ, ಇಂಚಿನ ಸಾವಿರದ ಲೆಕ್ಕ. ಹಳೇದು +2, ಹೊಸದು -3 ಇದ್ದರೆ ಪಿನಿಯನ್‌ನ ಹಳೇ ಷಿಮ್‌ಗೆ 0.005 ಇಂಚು ಸೇರಿಸಿ ಶುರು ಮಾಡಿ. ಪ್ರತಿ ಸಲ ಬೇರಿಂಗ್ ಕಿತ್ತು ಹಾಕೋದು ತಪ್ಪಬೇಕಾದರೆ ಹಳೇ ಸೈಡ್ ಬೇರಿಂಗ್‌ನ ಒಳಮೈಯನ್ನ ಎಮರಿ ಪೇಪರ್‌ನಲ್ಲಿ ಉಜ್ಜಿ, ಕೈಯಲ್ಲಿ ಜಾರಿ ಕೂರೋ ಹಾಗೆ ಮಾಡಿಟ್ಟುಕೊಳ್ಳಿ. ಅಳತೆ ನೋಡೋಕೆ ಅದು, ಕೊನೆಗೆ ಹೊಸ ಬೇರಿಂಗ್.

ಪಿನಿಯನ್ ಬಿಗಿತ (ಅದನ್ನ ತಿರುಗಿಸೋಕೆ ಬೇಕಾದ ಬಲ) ಹೊಸ ಬೇರಿಂಗ್‌ಗೆ 2.3ರಿಂದ 4.5 ನ್ಯೂಟನ್ ಮೀಟರ್. ಸೀಲ್ ಮತ್ತು ಕೇಜ್ ಕೂರಿಸೋ ಮುಂಚೆ ನೋಡಬೇಕು. ಫ್ಲಾಂಜ್‌ಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೀರಿ: ದಾರ ಸುತ್ತಿದ ಕಡೆ ತ್ರಿಜ್ಯ 4 ಸೆಂ.ಮೀ. ಇದ್ದರೆ, ಒಂದೇ ಸಮ ತಿರುಗುವಾಗ ಮುಳ್ಳು 6ರಿಂದ 11 ಕೆ.ಜಿ. ನಡುವೆ ನಿಲ್ಲಬೇಕು. ಸಡಿಲ ಬಿಟ್ಟರೆ ಲೋಡ್ ಬಿದ್ದಾಗ ಪಿನಿಯನ್ ಹಿಂದೆ ಮುಂದೆ ಆಡಿ ಹಲ್ಲು ಉದುರುತ್ತೆ, ಜಾಸ್ತಿ ಬಿಗಿದರೆ ಬೇರಿಂಗ್ ನೀಲಿಗಟ್ಟುತ್ತೆ.

ಕ್ರೌನ್ ಪ್ಲೇ 0.13ರಿಂದ 0.20 ಮಿ.ಮೀ. ಸುತ್ತ ನಾಲ್ಕು ಕಡೆ ಗೇಜ್ ಇಡಿ. ಒಂದಕ್ಕೊಂದು 0.05ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕ್ರೌನ್ ಕೆಳಗೆ ಕಸ ಸಿಕ್ಕಿದೆ, ಇಲ್ಲ ಕೇಜ್ ಸೊಟ್ಟಗಿದೆ. ಪ್ಲೇ ಬದಲಿಸಲು ಒಂದು ಪಕ್ಕದಿಂದ ತೆಗೆದಷ್ಟೇ ಷಿಮ್ ಇನ್ನೊಂದು ಪಕ್ಕಕ್ಕೆ ಹಾಕಿ. ಆಗ ಸೈಡ್ ಬೇರಿಂಗ್ ಬಿಗಿತ ಹಾಗೇ ಉಳಿಯುತ್ತೆ. ಬೇರಿಂಗ್ ಕ್ಯಾಪ್ ಎಡ ಬಲ ಅದಲು ಬದಲಾಗಬಾರದು, ಬಿಚ್ಚೋ ಮುಂಚೆಯೇ ಪಂಚ್ ಮಾರ್ಕ್ ಹೊಡೀರಿ.

ಆಮೇಲೆ ನಾಲ್ಕೈದು ಹಲ್ಲಿಗೆ ಪ್ರಷಿಯನ್ ಬ್ಲೂ (ಹಲ್ಲು ಎಲ್ಲಿ ತಾಗುತ್ತೆ ಅಂತ ತೋರಿಸೋ ನೀಲಿ ಬಣ್ಣ) ಹಚ್ಚಿ, ಕ್ರೌನ್‌ಗೆ ಮರದ ತುಂಡು ಒತ್ತಿ ಹಿಡಿದು ತಿರುಗಿಸಿ. ಗುರುತು ಹಲ್ಲಿನ ಬುಡಕ್ಕೆ ಬಿದ್ದರೆ ಪಿನಿಯನ್ ತೀರಾ ಒಳಗೆ ಹೋಗಿದೆ, ಪಿನಿಯನ್ ಷಿಮ್ ಕಮ್ಮಿ ಮಾಡಿ. ತುದಿಗೆ ಬಿದ್ದರೆ ಸೇರಿಸಿ. ಬುಡಕ್ಕೂ ತುದಿಗೂ ನಡುವೆ ಬರೋವರೆಗೆ ಬಿಚ್ಚಿ ಜೋಡಿಸ್ತಾ ಇರಬೇಕು. ಒಂದು ದಿನ ಪೂರ್ತಿ ಇದಕ್ಕೇ ಹೋದರೂ ಮೇಸ್ತ್ರಿಗೆ ಅವಸರ ಮಾಡಬೇಡಿ.

ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರೋದರಿಂದ ಇನ್ನು ಮುಂದೆ ಸುಳ್ಳು ಹೇಳುತ್ತೆ: 80ರಲ್ಲಿ ಹೋಗ್ತಿದ್ದರೆ 64 ತೋರಿಸುತ್ತೆ. 100 ಕಿ.ಮೀ. ಓಡಿದ್ದಕ್ಕೆ 80 ಬರೆಯುತ್ತೆ, ಮೈಲೇಜ್ ಬಿತ್ತು ಅಂತ ಮೇಸ್ತ್ರಿ ಜೊತೆ ಜಗಳಕ್ಕೆ ಹೋಗ್ತೀರಿ. ಕೇಬಲ್ ತುದಿಯ ಗೇರಿನಲ್ಲಿ ಹಲ್ಲು ಶೇ 20ರಷ್ಟು ಕಮ್ಮಿ ಇರೋದು ಹಾಕಿಸಿ.

ಆಯಿಲ್ 80ಡಬ್ಲ್ಯೂ-90, ಜಿಎಲ್-5, ಫಿಲ್ಲರ್ ತೂತಿನ ಮಟ್ಟಕ್ಕೆ. ಉಳಿದದ್ದನ್ನ ಗೇರ್‌ಬಾಕ್ಸಿಗೆ ಸುರೀಬೇಡಿ, ಅದರ ಹಿತ್ತಾಳೆ ರಿಂಗ್‌ಗೆ ಆಗಿಬರಲ್ಲ. ಮೊದಲ ದಿನ 25 ಕಿ.ಮೀ. ಮೆಲ್ಲಗೆ ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗೋಕೆ ಬಿಡಿ. 500 ಕಿ.ಮೀ.ವರೆಗೆ ಲೋಡೂ ಬೇಡ, ದುರ್ಗವೂ ಬೇಡ. 800ಕ್ಕೆ ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಬಂದರೆ ಸರಿ. ಉಗುರಿಗೆ ಸಿಗುವಂಥ ಚೂರು ಬಂದರೆ ಕವರ್ ಮತ್ತೆ ಬಿಚ್ಚಬೇಕು.