ಕ್ಷಯರೋಗಿಯ ಮನೆಯ ಪಡಿತರದ ವಿಚಾರ ಆಸ್ಪತ್ರೆಗೇಕೆ?

ಮಾನ್ಯರೇ,

ಕ್ಷಯರೋಗಿಯ ಮನೆಯಲ್ಲಿ ಪಡಿತರವಿದೆಯೇ, ದುಡಿಮೆ ನಿಂತಿದೆಯೇ ಎಂದು ವಿಚಾರಿಸುವುದು ಆಸ್ಪತ್ರೆಯ ಕೆಲಸವೇ, ಮಾತ್ರೆ ಕೊಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು ಎಂಬುದೇ ನನ್ನ ಅಭಿಪ್ರಾಯ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ಮುಂದಾಳತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲ ರೋಗಿಗಳಿಗೂ ತಿಂಗಳಿಗೆ 10 ಕೆ.ಜಿ. ಆಹಾರದ ಕಿಟ್ ಕೊಡಲಾಗಿತ್ತು; ಅವರ ಜೊತೆಗೆ ಮನೆಮಂದಿಗೂ ಅಕ್ಕಿ, ಬೇಳೆ ಮತ್ತು ಪೋಷಕಾಂಶದ ಮಾತ್ರೆ ಕೊಟ್ಟ ಕುಟುಂಬಗಳಲ್ಲಿ, ಕೊಡದ ಕುಟುಂಬಗಳಿಗೆ ಹೋಲಿಸಿದರೆ, ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇ. 39ರಷ್ಟು ಕಡಿಮೆಯಾಯಿತು. ರೋಗಿಗೆಂದು ಕೊಟ್ಟ ಕಿಟ್ ಹೇಗೂ ಎಲ್ಲರ ತಟ್ಟೆಗೆ ಹಂಚಿಹೋಗುತ್ತದೆ. ಯಾವ ತಾಯಿ ತಾನೇ ಮಕ್ಕಳನ್ನು ಬಿಟ್ಟು ಉಣ್ಣುತ್ತಾಳೆ!

ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಡಿ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವುದರಿಂದ, ಖಾತೆಯೇ ಇಲ್ಲದ ವಲಸೆ ಕೂಲಿಯವರು, ಅಂದರೆ ಅತಿ ಹೆಚ್ಚು ಅಗತ್ಯವಿರುವವರೇ, ಹೊರಗುಳಿಯುವ ಅಪಾಯವಿದೆ. ಆದ್ದರಿಂದ ಮೊದಲ ದಿನ ತೂಕ ನೋಡುವಾಗಲೇ ಪಾಸ್‌ಬುಕ್ ಮತ್ತು ಪಡಿತರ ಚೀಟಿ ಇವೆಯೇ ಎಂದು ಕೇಳಿ ಚಿಕಿತ್ಸಾ ಕಾರ್ಡಿನಲ್ಲಿ ಬರೆದಿಡಿ. ಇಲ್ಲವೆಂದರೆ ಮಾಡಿಸಿಕೊಡುವ ಹೊಣೆಯನ್ನು ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರಿಗೆ ಹೆಸರು ಹಿಡಿದು ವಹಿಸಿ.